ಗಂಟಿಲ್ಲದ ಸೆರಗು

ಧಾರವಾಡದ ನಮ್ಮ ಕಸೂತಿ ಕೇಂದ್ರದ ಮ್ಯಾನೇಜರ್ ಹುಕ್ಕೇರಿ ಸಾಹೇಬರಿಗೆ ಒಂದು ಹಟ. ಹತ್ತರಿಂದ ಐದರವರೆಗೆ ತಮ್ಮ ಕಣ್ಣೆದುರು ಕೂತು ಹಾಕಿದ್ದೇ ಕಸೂತಿ. ಕಸೂತಿ ಹಾಕುವ ಸಾವಂತ್ರೆವ್ವನ ಅತ್ತೆ ಹಾಸಿಗೆ ಹಿಡಿದಿದ್ದರು. ಮನೆಯಲ್ಲೇ ಹಾಕಿ ತಂದುಕೊಡ್ತೀನಿ ಅಂತ ಆಕೆ ಮೂರು ಸಲ ಬಂದು ಕೇಳಿದಳು. ಮೂರು ಸಲವೂ ಸಾಹೇಬರು ಆಕೆ ತಂದ ಸೀರೆಯನ್ನು ಬಿಚ್ಚಿ ಕೂಡ ನೋಡಲಿಲ್ಲ. ಅಲ್ಲಿ ಗುಮಾಸ್ತನಾಗಿದ್ದ ನನಗೆ ಮೈ ಉರಿದುಹೋಯಿತು.

"ಮನ್ಯಾಗ ಒಲಿ ಮುಂದ ಕುಂತು ಮಾಡಿದ ಕೆಲಸ ನನಗ ದೂರದಿಂದನ ಗೊತ್ತಾಗ್ತದ," ಅಂದರು ಸಾಹೇಬರು ಮೂರನೇ ಸಲ.

"ಹಂಗಾರ ಗುರುತು ಹಿಡೀರಿ ಸಾಹೇಬ್ರ," ಅಂದಳು ಆಕೆ. ಕೇಂದ್ರದ ನಾಲ್ಕು ಸೀರೆಗಳ ಜೊತೆ ತನ್ನದೊಂದನ್ನು ಸಾಹೇಬರಿಗೆ ಕಾಣದಂತೆ ನನ್ನ ಕೈಲೇ ಬೆರೆಸಿ, ಮೇಜಿನ ಮೇಲೆ ಇಡಿಸಿದಳು.

ಕಸೂತಿ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಸಾಹೇಬರು ಒಂದೊಂದೇ ಸೆರಗು ತಿರುವಿ ನೋಡಿದರು. ಹಿಂಬದಿಯಲ್ಲಿ ಏಳು ಗಂಟು ಇದ್ದದ್ದನ್ನು ಎತ್ತಿ ಹಿಡಿದರು. "ಇದ ನೋಡ್ರಿ, ಮನಿ ಕೆಲಸ."

"ಅದು ನಿನ್ನೆ ನಿಮ್ಮ ಮೇಜಿನ ಮುಂದನ ಹಾಕಿ ಮುಗಿಸಿದ್ದು ರೀ," ಅಂದೆ. ಒಂದೂ ಗಂಟಿಲ್ಲದ್ದನ್ನು ಅವರ ಕೈಗಿಟ್ಟೆ. "ಆಕೀದು ಇದು."

ಸಾಹೇಬರು ಸೆರಗಿನ ಗೋಪುರದ ಚಿತ್ತಾರದ ಮೇಲೆ ಬೆರಳಾಡಿಸಿದರು. ಆಮೇಲೆ, "ಆತು. ನಾಳೆ ಹತ್ತಕ್ಕ ಬಂದು ಇಲ್ಲಿ ಕೆಲಸದ ಹೆಣ್ಮಕ್ಕಳಿಗೆಲ್ಲ ಕಲಿಸು," ಅಂದರು.

ಸಾವಂತ್ರೆವ್ವ ತನ್ನ ಸೀರೆ ಮಡಚಿಕೊಂಡಳು. "ಕಲಿಸ್ತೀನ್ರಿ. ಹತ್ತಕ್ಕ ಅವರನ್ನೆಲ್ಲ ನಮ್ಮ ಮನಿಗೆ ಕಳಿಸ್ರಿ. ನೀವೂ ಬರ್ರಿ, ನಿಮ್ಮ ಕಣ್ಣೆದುರ ಆಗಬೇಕಲ್ಲ."