ಮಾಳವ್ವನ ತಲೆ ಕಂಬಳಿ ನೇಯ್ದದ್ದು

ಬೆಂಕಿ ಮುಂದೆ ಜಾಗ ಬಿಡ್ರೋ. ಕೆಂಚಪ್ಪಾ, ರುಮಾಲಿನೊಳಗೆ ಬೆರಳು ತೂರಿಸೋದು ನಿಲ್ಲಿಸು, ಇಲ್ಲಾಂದ್ರೆ ನಾನು ಕತೆ ಹೇಳಲ್ಲ. ಮೀಸೆ ಬಂದಿದೆ, ಬುದ್ಧಿ ಬಂದಿಲ್ಲ. ಹ್ಞಾಂ, ಈಗ ಕೇಳಿ.

ಒಂದಾನೊಂದು ಊರಿನಲ್ಲಿ ಎಲ್ಲರೂ ಕಂಬಳಿ ನೇಯುವವರೇ. ಕುರಿ ಮೇಯಿಸುವವನೂ ನೇಯುತ್ತಿದ್ದ, ಕುರಿ ಕದಿಯುವವನೂ ನೇಯುತ್ತಿದ್ದ. ಬೇಸರವಾದರೆ ಕುರಿಗಳೇ ಕೂತು ನೇಯುತ್ತಿದ್ದವು. ಆ ಊರಿನ ರಾಜ ಕರಿಯರಸ. ಅವನಿಗೆ ಕರಿ ಬಣ್ಣದ ಹುಚ್ಚು. ಕರಿ ಕಂಬಳಿ, ಕರಿ ಕುದುರೆ, ಕೊನೆಗೆ ಕರಿ ಮೊಸರು ಬೇಕು ಅಂದ. ಮೊಸರು ಕರಿದಾಗಲ್ಲ ಬುದ್ಧೀ ಅಂತ ಅಡಿಗೆಯವನು ಅತ್ತ. "ಅಳಬೇಡ, ಕಣ್ಣು ಮುಚ್ಚಿಕೊಂಡು ತಿಂತೀನಿ. ಆಗ ಎಲ್ಲಾ ಕರಿದೇ" ಅಂದ ರಾಜ. ಕಿರೀಟ ಇಟ್ಟುಕೊಂಡೇ ಮಲಗುತ್ತಿದ್ದ, ಕಿರೀಟ ಇಟ್ಟುಕೊಂಡೇ ಸ್ನಾನ ಮಾಡುತ್ತಿದ್ದ. ಯಾಕೆ ಅಂತ ಯಾರು ಕೇಳ್ತಾರೆ? ರಾಜ ಅಲ್ವಾ!

ಅವನದೊಂದು ಕಟ್ಟಳೆ. ಸಂಕ್ರಾಂತಿ ದಿನ ಊರವರೆಲ್ಲಾ ಕರಿ ಕಂಬಳಿ ಹೊದ್ದು ಅರಮನೆ ಮುಂದೆ ಸಾಲಾಗಿ ನಿಲ್ಲಬೇಕು. ಯಾರ ಹೆಗಲ ಮೇಲಾದರೂ ಬಿಳಿ ಚುಕ್ಕೆ ಕಂಡಿತೋ, ಅವರು ಹೊಳೆ ದಾಟಿ ಹೋಗಬೇಕು. ಮತ್ತೆ ಬರೋ ಹಾಗಿಲ್ಲ. ಸುಣ್ಣ ಹೊಡೆಯುವ ಮಾರಜ್ಜ ಹೋದ. ಹಿಟ್ಟು ಬೀಸುವ ಗಿರಿಯಮ್ಮ ಹೋದಳು. ಹೆಗಲ ಮೇಲೆ ಕಾಗೆ ಹಿಕ್ಕೆ ಹಾಕಿತು ಅಂತ ಪೂಜಾರಿಯೂ ಹೋದ. ಕಾಗೆಗೆ ಮಾತ್ರ ಏನೂ ಆಗಲಿಲ್ಲ, ಅದು ಕರಿಯದಲ್ವಾ.

ಆ ಊರಲ್ಲಿ ಮಾಳವ್ವ ಅಂತ ಒಬ್ಬಳು. ಗಂಡ ಬೀರಣ್ಣ, ತೊಟ್ಟಿಲಲ್ಲಿ ಒಂದು ಕೂಸು. ಚಳಿ ಶುರುವಾದದ್ದೇ ತಡ, ಅವಳ ತಲೆ ಕಡಿಯತೊಡಗಿತು. ಅಲ್ಲಲ್ಲಿ ಕೆಂಪಾಯಿತು, ಕೆಂಪಿನ ಮೇಲೆ ಬಿಳೀ ಪದರ ಕಟ್ಟಿತು, ಕರಿ ಕಂಬಳಿ ಮೇಲೆ ಉದುರಿತು. ಕೆರೆದಳು. ಕೆರೆದಷ್ಟೂ ಉದುರಿತು. ಉದುರಿದಷ್ಟೂ ಬೆಳೆಯಿತು.

"ಅಯ್ಯೋ ಶಿವನೇ! ಏನು ಮಾಡ್ತಿದ್ದೀಯಾ ತಲೆಯೇ?" ಅಂದಳು.

"ಕಾಣಲ್ವಾ? ಕಂಬಳಿ ನೇಯ್ತಿದ್ದೀನಿ" ಅಂತು ತಲೆ. "ಈ ಊರಲ್ಲಿ ಕೈಗೆ ಕಂಬಳಿ, ಕಾಲಿಗೆ ಕಂಬಳಿ, ನಾಯಿಗೂ ಕಂಬಳಿ. ಚಳಿ ನನಗಿಲ್ವಾ? ಅದಕ್ಕೇ ನಾನೇ ನೇಯ್ಕೋತಿದ್ದೀನಿ."

"ಒಂದು ಸಾಲದಾ? ಇಷ್ಟೊಂದು ಯಾಕೆ?"

"ನೀನು ಕೆರೀತೀಯಲ್ಲ, ಗಿರಾಕಿ ಬಂದು ಬಾಗಿಲು ಬಡಿದಂಗಾಗುತ್ತೆ. ಗಿರಾಕಿ ಬಂದ ಮೇಲೆ ಕೈ ಕಟ್ಟಿ ಕೂರೋಕಾಗುತ್ತಾ?"

ನ್ಯಾಯವಾದ ಮಾತು. ಏನು ಹೇಳ್ತೀರಿ ಇದಕ್ಕೆ?

ಬೀರಣ್ಣ ಬಂದು ನೋಡಿದ. ಪಾಪ, ನೇಕಾರ, ನೇಕಾರನ ಬುದ್ಧಿ. "ಎಳೆ ಬಿಚ್ಕೊಂಡು ಉದುರ್ತಾ ಇದೆ ಕಣೇ. ಹುಣಸೆಬೀಜದ ಗಂಜಿ ಹಾಕಿದ್ರೆ ಗಟ್ಟಿ ನಿಲ್ಲುತ್ತೆ" ಅಂದ. ಕಂಬಳಿ ನೂಲಿಗೆ ಹಾಕೋ ಗಂಜಿ! ಬೀದಿಯವರೆಲ್ಲಾ ಒಂದೊಂದು ತಪ್ಪಲೆ ತಂದು ಅವಳ ತಲೆಗೆ ಸುರಿದರು.

ತಲೆ ಕುಣಿದಾಡಿತು. "ಆಹಾ, ಗಂಜಿ ಬಂತು! ದೊಡ್ಡ ಆರ್ಡರು!" ಬೆಳಗಾಗುವಷ್ಟರಲ್ಲಿ ಹಣೆಗೂ ನೇಯ್ದಿತ್ತು, ಕಿವಿ ಹಿಂದಕ್ಕೂ ನೇಯ್ದಿತ್ತು. ಗಂಜಿ ಬಿಡಿಸೋಕೆ ಸುಡು ಸುಡು ನೀರು ಹುಯ್ದರು. "ಅಯ್ಯೋ, ನೇಯ್ದಿದ್ದೆಲ್ಲಾ ಕೊಚ್ಚಿಹೋಯ್ತು!" ಅಂತ ತಲೆ ಇನ್ನೂ ಜೋರಾಗಿ ಶುರು ಮಾಡಿತು. ಬೀದಿಯವರು ಹಿಂದೆ ಸರಿದರು. "ನಮ್ಮ ತಲೆಗೂ ಮಗ್ಗ ಅಂಟಿಕೊಳ್ಳುತ್ತಾ?" ಅಂದರು.

ತಲೆಗೆ ಸಿಟ್ಟು ಬಂತು. "ನಾನೇನು ಮನೆ ಮನೆಗೆ ಹೋಗಿ ನೇಯೋ ಕೂಲಿಯಾ? ನನ್ನ ಮಗ್ಗ ನನ್ನ ಮನೇಲಿ. ಹೋಗ್ರಿ ಅತ್ಲಾಗೆ!"

ಮಾಳವ್ವ ತೊಟ್ಟಿಲು ತೂಗುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಸಂಕ್ರಾಂತಿ ಬಂದರೆ ತಾನು ಹೊಳೆ ಆಚೆ, ಕೂಸು ಈಚೆ. ಅಳುತ್ತಾ ಮೂಲೆ ನೋಡಿದಳು. ಅಲ್ಲಿ ಅತ್ತೆಯ ಹಳೇ ಮಗ್ಗ ಮಲಗಿತ್ತು. ಆ ಊರಲ್ಲಿ ನೇಯುವವರಿಗೆ 'ಸಾಕು' ಅನ್ನೋ ಹಾಗಿಲ್ಲ, ಅವಮಾನ ಆಗುತ್ತೆ. ಮಗ್ಗದ ಕೆಲಸ ಮುಗಿದರೆ ಮರಕ್ಕೆ ಎಣ್ಣೆ ಸವರಿ, ಎಳೇ ಬಿಸಿಲಿಗಿಟ್ಟು, ಮೆತ್ತನೆ ಹತ್ತಿಬಟ್ಟೆ ಹೊದಿಸುತ್ತಾರೆ. ಮಗ್ಗಕ್ಕೆ ಅರ್ಥವಾಗುತ್ತೆ, ನಿದ್ದೆ ಹೋಗುತ್ತೆ.

"ಥೂ ನನ್ನ ಬುದ್ಧಿಗೆ!" ಅಂದಳು ಮಾಳವ್ವ.

ಅವತ್ತೇ ಸಂಜೆ ಕೊಬ್ಬರಿ ಎಣ್ಣೆ ಉಗುರುಬೆಚ್ಚಗೆ ಮಾಡಿ ಬೆರಳ ತುದಿಯಿಂದ ಸವರಿದಳು. ಉಗುರು ತಾಗಿಸಲಿಲ್ಲ. ಹಳೇ ಸೀರೆಯ ತುಂಡು ಕಟ್ಟಿದಳು. ಬೆಳಿಗ್ಗೆ ಬರೀ ಬೆಚ್ಚನೆ ನೀರಲ್ಲಿ ತೊಳೆದು, ಎಳೇ ಬಿಸಿಲಲ್ಲಿ ಕೂತಳು.

"ಬಾಗಿಲು ಯಾರೂ ಬಡೀತಿಲ್ವಾ?" ಅಂತು ತಲೆ.

"ಯಾರೂ ಇಲ್ಲ."

"ಗಿರಾಕಿ?"

"ಬಂದ್ರೆ ಎಬ್ಬಿಸ್ತೀನಿ. ನೀನು ಮಲಕ್ಕೋ."

"ಬೆಚ್ಚಗಿದೆ ಕಣವ್ವಾ" ಅಂತ ತಲೆ ಆಕಳಿಸಿತು.

ಒಂದೇ ದಿನಕ್ಕೆ ಆಗಿಹೋಯ್ತು ಅಂದ್ಕೊಂಡ್ರಾ? ದಿನಾ ಸವರಿದಳು. ಕಡಿತ ಬಂದಾಗ ಹಲ್ಲು ಕಚ್ಚಿಕೊಂಡು ಕೂಸಿಗೆ ಲಾಲಿ ಹಾಡಿದಳು. ತಲೆಗೂ ಕೇಳಿಸಿತು.

ಸಂಕ್ರಾಂತಿ ಬಂತು. ಡೊಳ್ಳು ಬಾರಿಸಿದರು. ಕರಿಯರಸ ಸಾಲಿನುದ್ದಕ್ಕೂ ಹೆಗಲು ನೋಡುತ್ತಾ ಬಂದ. ಮಾಳವ್ವನ ಹೆಗಲು ಕಪ್ಪಗೆ ಕಪ್ಪು. ರಾಜ ಮುಂದೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಒಂದೇ ಒಂದು ಬಿಳೀ ಚೂರು ತೇಲಿ ತೇಲಿ ಬಂದು ಅವಳ ಹೆಗಲ ಮೇಲೆ ಕೂತಿತು.

"ಹೊಳೆ ದಾಟು" ಅಂದ ರಾಜ.

ಬೀರಣ್ಣ ಕೂಸನ್ನ ಎದೆಗೆ ಅವುಚಿಕೊಂಡ. ಮಾಳವ್ವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ದಾಟಲ್ಲ!" ಅಂದಳು. "ನನ್ನ ತಲೆ ಚಳಿಗೆ ನೇಯ್ದಿದೆ. ಕದ್ದಿದೆಯಾ? ಕಂಬಳಿ ಊರಲ್ಲಿ ನೇಯೋದು ಯಾವಾಗಿಂದ ತಪ್ಪಾಯ್ತು ಬುದ್ಧೀ?"

ಆಗ ಕಿರೀಟದೊಳಗಿಂದ ಒಂದು ಸಣ್ಣ ಗೊಗ್ಗರು ದನಿ ಬಂತು. "ಅಕ್ಕಾ, ಆ ಎಣ್ಣೆ ಇನ್ನೂ ಇದೆಯಾ?"

ರಾಜ ಎರಡೂ ಕೈಯಲ್ಲಿ ಕಿರೀಟ ಒತ್ತಿ ಹಿಡಿದ. "ಸುಮ್ನಿರು!"

"ಎಷ್ಟು ವರ್ಷ ಸುಮ್ನಿರಲಿ? ನೇಯ್ದು ನೇಯ್ದು ಮಡಚಿ ಇಟ್ಟಿದ್ದೀನಿ. ಇಲ್ಲಿ ಜಾಗ ಇಲ್ಲ!"

"ನನಗೂ ಸಾಕಾಗಿದೆ" ಅಂತ ಕಿರೀಟವೇ ಕೆಳಗೆ ಹಾರಿತು. ಒಳಗಿಂದ ಬಿಳೀ ಕಂಬಳಿ ಬಿಚ್ಚಿಕೊಂಡಿತು ನೋಡಿ. ಮೆಟ್ಟಿಲು ಇಳಿಯಿತು, ಸಂತೆಪೇಟೆ ದಾಟಿತು, ಹೊಳೆ ಮೇಲೆ ಹಾಸಿಕೊಂಡು ಆಚೆ ದಡ ಮುಟ್ಟಿತು.

ರಾಜ ಬರಿತಲೆಯಲ್ಲಿ ನೆಲದ ಮೇಲೆ ಕುಕ್ಕರಿಸಿದ. ಅತ್ತೇಬಿಟ್ಟ. "ನಾಚಿಕೆ ಆಗ್ತಿತ್ತು ಮಾಳವ್ವಾ. ನೀವೆಲ್ಲಾ ನನ್ನ ಹೆಗಲು ನೋಡಬಾರದು ಅಂತ ನಾನು ನಿಮ್ಮ ಹೆಗಲು ನೋಡ್ತಿದ್ದೆ."

ಯಾರೂ ನಗಲಿಲ್ಲ. ಮಾಳವ್ವ ಸೊಂಟದಿಂದ ಎಣ್ಣೆ ಕುಡಿಕೆ ತೆಗೆದಳು. "ಬಗ್ಗಪ್ಪಾ" ಅಂದಳು. ರಾಜ ಬಗ್ಗಿದ.

ಆಮೇಲೆ ಡೊಳ್ಳು ಬಾರಿಸಿದರು ನೋಡಿ! ಹೊಳೆ ಆಚೆಯಿಂದ ಮಾರಜ್ಜ ಬಂದ, ಗಿರಿಯಮ್ಮ ಬಂದಳು, ಪೂಜಾರಿ ಬಂದ, ರಾಜನ ತಲೆ ನೇಯ್ದ ಕಂಬಳಿ ಮೇಲೇ ನಡೆದುಕೊಂಡು ಬಂದರು. ಕಾಗೆಯೂ ಬಂತು, ಅದಕ್ಕೇನು ಕೆಲಸವೋ. ಅವತ್ತು ರಾಜ ಬಿಳೀ ಮೊಸರನ್ನ ಕಣ್ಣು ಬಿಟ್ಟುಕೊಂಡು ತಿಂದ.

ತಲೆ ನೇಯೋದು ನಿಂತೇ ಹೋಯ್ತಾ? ಎಲ್ಲಿಯ ಮಾತು! ಪ್ರತೀ ಚಳಿಗಾಲಕ್ಕೂ ಏಳುತ್ತೆ. "ಮಗ್ಗ ಎದ್ದಿದೆ ಕಣ್ರೋ" ಅಂತ ಬೀದಿಯಲ್ಲಿ ಧೈರ್ಯವಾಗಿ ಹೇಳ್ತಾರೆ, ಪಕ್ಕದ ಮನೆಯವರು ಎಣ್ಣೆ ತರ್ತಾರೆ, ಮಗ್ಗ ಮಲಗುತ್ತೆ.

ನೀತಿ ಬೇಕಾ? ಕಿರೀಟ ಇಟ್ಟುಕೊಂಡು ಸ್ನಾನ ಮಾಡಬೇಡಿ, ಅಷ್ಟೇ. ಅವರು ಹೊಳೆ ಈಚೆ ಸುಖವಾಗಿದ್ದಾರೆ, ನಾವು ಬೆಂಕಿ ಈಚೆ ಸುಖವಾಗಿದ್ದೀವಿ.

ಕೆಂಚಪ್ಪಾ, ಈಗ ರುಮಾಲು ತೆಗಿ. ಯಾರೂ ನಗಲ್ಲ. ನಕ್ಕೋರ ಹಲ್ಲು ಉದುರಿಸ್ತೀನಿ. ಆ ಎಣ್ಣೆ ಬಟ್ಟಲು ಇತ್ಲಾಗೆ ಕೊಡ್ರೋ. ಬಗ್ಗಪ್ಪಾ.