ಸುಳ್ಳಿನ ಗುಡ್ಡ

ಬಳ್ಳಾರಿ ಕಡೆಯ ಬಿಸಿಲು ಸೀಮೆಯಲ್ಲಿ ಸಿರಗನಾಳು ಎಂಬ ಊರಿದೆ. ಊರ ಬೆನ್ನಿಗೊಂದು ಬೋಳು ಗುಡ್ಡ. ಬುಡದ ಕೆಮ್ಮಣ್ಣಿನಲ್ಲಿ ಅಂಜೂರದ ತೋಟಗಳು, ನೆತ್ತಿಯ ಮೇಲೆ ಎರಡು ಕಣದಷ್ಟು ಅಗಲದ ಹಾಸುಬಂಡೆ. ಬೇಸಿಗೆಯಲ್ಲಿ ಹತ್ತಿ ಹೋದವರಿಗೆ ಅಲ್ಲಿ ಕಾಲಿಡಲು ಜಾಗ ಸಿಗದು. ಬಂಡೆಯ ತುಂಬ ಈಚಲು ಚಾಪೆ, ಚಾಪೆಯ ತುಂಬ ಒಣಹಾಕಿದ ಅಂಜೂರ. ಈ ಗುಡ್ಡಕ್ಕೆ ಸುಳ್ಳಿನ ಗುಡ್ಡ ಎಂದು ಹೆಸರು. ಸಿರಗನಾಳಿನ ಹೆಣ್ಣು ತರುವಾಗ, ಹುಡುಗಿ ನಿಜ ಹೇಳುತ್ತಾಳೋ ಇಲ್ಲವೋ ನೋಡಿಕೊಳ್ಳಿ ಎಂದು ಸುತ್ತಲಿನವರು ಬೀಗರನ್ನು ಕಾಡಿಸುವುದುಂಟು. ಊರಿನವರು ನಕ್ಕುಬಿಡುತ್ತಾರೆ. ಹೆಸರು ಹೇಗೆ ಬಂತೆಂದು ಕೇಳಿದವರಿಗೆ ಮಾತ್ರ ಕೂರಿಸಿಕೊಂಡು ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬಡಗಣ ದಿಕ್ಕಿನಿಂದ ಒಂದು ದಂಡು ಬಂತು ಎನ್ನುತ್ತಾರೆ. ಯಾವ ದೊರೆಯ ದಂಡೆಂಬುದು ಯಾರಿಗೂ ನೆನಪಿಲ್ಲ. ಅವರು ಕಾಳುಕಡಿ ದೋಚುವುದಷ್ಟೇ ಅಲ್ಲ, ಸಿಕ್ಕ ಜನರನ್ನು ಹಗ್ಗ ಕಟ್ಟಿ ಹೊರೆ ಹೊರಲು ಒಯ್ಯುತ್ತಿದ್ದರು. ಹಾಗೆ ಹೋದವರು ತಿರುಗಿ ಬಂದದ್ದಿಲ್ಲ. ಸುದ್ದಿ ಮುಟ್ಟಿದ್ದೇ ತಡ, ಊರಿಗೆ ಊರೇ ಗುಡ್ಡ ಹತ್ತಿ ಹಾಸುಬಂಡೆಯ ಹಿಂದಿನ ಗವಿ ಹೊಕ್ಕಿತು. ಜೋಳವೆಲ್ಲ ಕೆಳಗೇ ಉಳಿಯಿತು. ಮಾಗಿ ನಿಂತಿದ್ದ ಅಂಜೂರವನ್ನಷ್ಟೇ ಬಾಚಿ ತಂದಿದ್ದರು. ಹಸಿಹಣ್ಣು ಎರಡು ದಿನಕ್ಕೆ ಹುಳಿಯುತ್ತದೆ, ಒಣಗಿಸಿದರೆ ಗವಿಯ ಮಕ್ಕಳು ಮಳೆಗಾಲದವರೆಗೆ ಬದುಕುತ್ತವೆ. ಆದರೆ ಒಣಗಿಸಲು ಬಯಲಿಗೆ ಬರಬೇಕು, ಬಯಲಿಗೆ ಬಂದವರು ಕಣ್ಣಿಗೆ ಬೀಳುತ್ತಾರೆ. ಹಾಗಾಗಿ ಒಬ್ಬರೇ ಬಂಡೆಯ ಮೇಲಿರುವುದೆಂದು ಮಾತಾಯಿತು. ಆ ಕೆಲಸವನ್ನು ಹುಲಿಗೆವ್ವ ಒಪ್ಪಿಕೊಂಡಳು.

ಹುಲಿಗೆವ್ವ ಕರಿಬಸಪ್ಪನೆಂಬ ಮುದುಕನ ಸೊಸೆ. ಗಂಡ ಸೋಮಲಿಂಗ, ಇಬ್ಬರು ಮಕ್ಕಳು ಗವಿಯಲ್ಲಿದ್ದರು. ತಂದೆಯನ್ನು ಕಾಣದೆ ಬೆಳೆದ ಆಕೆಗೆ ಮಾವನೇ ತಂದೆಯಾಗಿದ್ದ. ಹಣ್ಣನ್ನು ಮೊದಲು ತೊಟ್ಟಿಗೆ ಎದುರಿನ ಕಣ್ಣು ಮೇಲಾಗಿ ಇಡುವುದು, ಸಿಪ್ಪೆ ಬಾಡಿದ ಮೇಲೆ ಮಗುಚುವುದು, ಹೆಬ್ಬೆರಳಲ್ಲಿ ಒತ್ತಿ ಚಪ್ಪಟೆ ಮಾಡುವುದು, ಹೊತ್ತು ಮುಳುಗುವ ಮುಂಚೆ ಕಂಬಳಿ ಹೊದಿಸುವುದು, ಎಲ್ಲವನ್ನೂ ಕಲಿಸಿದವನು ಆತನೇ. ಅವಸರದಲ್ಲಿ ಹಣ್ಣು ಕೀಳುವಾಗ ತೊಟ್ಟಿನ ಹಾಲು ಸಿಡಿದು ಆಕೆಯ ಕೈ ಕೆನ್ನೆಯೆಲ್ಲ ಗುಳ್ಳೆ ಎದ್ದಿದ್ದವು.

ಸಿರಗನಾಳಿನವರು ವರ್ಷದ ಮೊದಲ ಒಣಹಣ್ಣನ್ನು ಪುಂಡಿನಾರಿಗೆ ಪೋಣಿಸಿ, ಹಸಿದ ದಾರಿಹೋಕರಿಗೆಂದು ಹೆದ್ದಾರಿಯ ಬೇವಿನ ಮರಕ್ಕೆ ತೂಗುಹಾಕುತ್ತಿದ್ದರು. ಆ ಸರ ಕಟ್ಟದೆ ಒಂದು ಹಣ್ಣನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಬಂಡೆಯ ಮೇಲೆ ಮೊದಲ ಹಣ್ಣು ಒಣಗಿದಾಗ, ದಾರಿಯವರ ಪಾಲು ಮುಟ್ಟಿಸದೆ ಮಕ್ಕಳಿಗೆ ಹೇಗೆ ತಿನ್ನಿಸುವುದೆಂದು ಮುದುಕನಿಗೆ ಸಂಕಟ. ಈ ಸಲ ಬೇಡವೆಂದು ಮಗ ಗದರಿಸಿದ, ಸೊಸೆ ಕಾಲು ಹಿಡಿದಳು. ಮುದುಕ ಹೂಂಗುಟ್ಟಿದ. ಆದರೆ ನಸುಕಿನಲ್ಲಿ ಎಲ್ಲರಿಗೂ ಜೊಂಪು ಹತ್ತಿದಾಗ ಸರ ಹಿಡಿದು ಇಳಿದೇ ಹೋದ. ಜೀವಮಾನವಿಡೀ ಮಾಡಿಕೊಂಡು ಬಂದದ್ದನ್ನು ದಂಡಿಗೆ ಹೆದರಿ ಬಿಡುವ ಜಾಯಮಾನ ಆತನದಲ್ಲ.

ಬಿಸಿಲೇರುವ ಹೊತ್ತಿಗೆ ದಂಡಿನ ಸವಾರರು ಆತನ ಕೈ ಕಟ್ಟಿ ಬಂಡೆಯ ಮೇಲೆ ತಂದು ನಿಲ್ಲಿಸಿದರು. ತಾನು ಪರಸ್ಥಳದವನು, ಮರದಲ್ಲಿ ಸರ ಕಂಡು ತಿನ್ನಲು ಹೋದವನು ಎಂದು ಮುದುಕ ಕೆಳಗೇ ಹೇಳಿಬಿಟ್ಟಿದ್ದ, ಸೊಸೆಗೆ ಕೇಳಲೆಂದು ಬಂಡೆಯ ಮೇಲೂ ಅದನ್ನೇ ಹೇಳಿದ. ಸರದ ಹಣ್ಣು ಹೊಸದಾಗಿದ್ದರಿಂದ ಊರವರು ಹತ್ತಿರದಲ್ಲೇ ಅಡಗಿದ್ದಾರೆಂದು ಅವರಿಗೆ ಗುಮಾನಿ ಬಂದಿತ್ತು. ಹುಲಿಗೆವ್ವ ಓಡಲಿಲ್ಲ, ಓಡಿದರೆ ಗವಿಯ ಕಡೆಗೇ ಓಡಬೇಕು. ಊರಿಗೆ ಅಮ್ಮ ಬಂದಿದ್ದಾಳೆ, ಜನರೆಲ್ಲ ತನ್ನೊಬ್ಬಳನ್ನೇ ಬಿಟ್ಟು ಹೊಳೆ ದಾಟಿದರು ಎಂದು ಗುಳ್ಳೆ ತುಂಬಿದ ಕೈಗಳನ್ನು ಮುಂದೆ ಚಾಚಿದಳು. ಸಿಡುಬೆಂದು ಹೆದರಿ ಸವಾರರು ಹಿಂದೆ ಸರಿದರು. ಹಣ್ಣನ್ನೂ ಮುಟ್ಟಲಿಲ್ಲ.

ಅವರ ನಾಯಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮುದುಕನ ಬೆನ್ನಿಗೆ ಚಾವಟಿ ಬೀಸಿ ಆಕೆಯ ಮುಖ ನೋಡುತ್ತ, ಇವನು ನಿನಗೇನಾಗಬೇಕು ಎಂದು ಕೇಳಿದ. ಮಾವನೆಂದರೆ ಆತನ ಸುಳ್ಳು ಬಯಲಾಗುತ್ತದೆ, ಆಕೆಯದೂ ಬಯಲಾಗುತ್ತದೆ. ಹತ್ತು ಮಾರು ಹಿಂದೆ ಗವಿಯಲ್ಲಿ ಸೋಮಲಿಂಗನ ಬಾಯಿಗೆ ಬಟ್ಟೆ ತುರುಕಿ ನಾಲ್ವರು ಅದುಮಿ ಹಿಡಿದಿದ್ದರು. ಹುಲಿಗೆವ್ವ ಬಗ್ಗಿ ಹಣ್ಣು ಮಗುಚತೊಡಗಿದಳು.

"ಯಾವನೋ ಏನೋ, ನಾ ಇವನ್ನ ನೋಡೇ ಇಲ್ಲ. ಹೊಡೀತೀರೋ ಬಿಡ್ತೀರೋ ನಿಮಗ ಬಿಟ್ಟಿದ್ದು. ನನ್ನ ಹಣ್ಣು ತುಳೀಬ್ಯಾಡ್ರಿ" ಎಂದಳು.

ಮುದುಕ ತಲೆಯಾಡಿಸಿದ. "ಖರೇ ಹೇಳ್ಯಾಳ. ಈಕಿ ನನಗೇನೂ ಆಗಬೇಕಾಗಿಲ್ಲ" ಎಂದ.

ರೋಗದ ಊರಿನವನಲ್ಲವೆಂದು ಖಾತ್ರಿಯಾಗಿ, ಹೊರೆ ಹೊರಲು ಆತನನ್ನು ಎಳೆದುಕೊಂಡು ಹೋದರು. ಹಗ್ಗದ ತುದಿಯಲ್ಲಿ ಮುಗ್ಗರಿಸುತ್ತ ಆತ ಬಡಗಣ ದಾರಿ ಹಿಡಿದದ್ದನ್ನು ಹುಲಿಗೆವ್ವ ಬಗ್ಗಿದಲ್ಲಿಂದಲೇ ನೋಡಿದಳು. ಅಳುವ ಹಾಗಿರಲಿಲ್ಲ, ಒಬ್ಬ ಸವಾರ ಇನ್ನೂ ತಿರುಗಿ ನೋಡುತ್ತಿದ್ದ. ಕರಿಬಸಪ್ಪ ಮತ್ತೆ ಊರು ಕಾಣಲಿಲ್ಲ.

ಗವಿಯ ಮಕ್ಕಳು ಆ ಹಣ್ಣು ತಿಂದು ಬದುಕಿದವು. ದಂಡು ಹೋದ ಮೇಲೆ ಊರವರು ಗುಡ್ಡಕ್ಕೆ ಹುಲಿಗೆವ್ವನ ಹೆಸರಿಡಲು ಹೊರಟರಂತೆ. ಆಕೆ ಒಪ್ಪಲಿಲ್ಲ. "ಹೆಸರು ಇಡೋದಾದ್ರ ನಾ ಆಡಿದ ಸುಳ್ಳಿನ ಹೆಸರು ಇಡ್ರಿ" ಎಂದಳು. ಗಂಡ ಆಕೆಯೊಡನೆ ಮತ್ತೆ ಮಾತಾಡಿದನೋ ಇಲ್ಲವೋ, ಹೇಳುವವರಲ್ಲಿ ಒಮ್ಮತವಿಲ್ಲ. ಆಕೆ ಮಾತ್ರ ಆಮೇಲೆ ಅಂಜೂರ ತಿನ್ನಲಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ.

ಸೊಸೆಯಾದವಳು ಮಾವನ ಹೆಸರನ್ನು ಬಾಯಿ ಬಿಟ್ಟು ಹೇಳದ ಸೀಮೆ ಇದು. ಆದರೂ ಹಣ್ಣು ಒಣಹಾಕುವ ಮೊದಲ ದಿನ ಗುಡ್ಡಕ್ಕೆ ಬಂದವರು ಇಂದಿಗೂ ಒಂದನ್ನು ಕಾಣಬಹುದು. ಊರಿನ ಸೊಸೆಯಂದಿರೆಲ್ಲ ಬಂಡೆಯ ಅಂಚಿನಲ್ಲಿ ಬಡಗಣಕ್ಕೆ ಮುಖ ಮಾಡಿ ನಿಂತು, "ಕರಿಬಸಪ್ಪ ನನ್ನ ಮಾವ" ಎಂದು ಗಂಟಲು ಹರಿಯುವಂತೆ ಕೂಗುತ್ತಾರೆ. ಕೂಗಿ ಸ್ವಲ್ಪ ಹೊತ್ತು ದಾರಿ ನೋಡುತ್ತಾರೆ. ಆಮೇಲೆ ಹಣ್ಣು ಹರವಲು ಬಗ್ಗುತ್ತಾರೆ.