ಒಂದೆಲೆ ಹೆಚ್ಚಿಗೆ

ವಿಶಾಲಾಕ್ಷಿ ಟೀಚರಿಗೆ ಎಲ್ಲ ಬರುತ್ತಿತ್ತು, ‘ಇಲ್ಲ’ ಎನ್ನುವುದೊಂದು ಬಿಟ್ಟು. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಪಾಠ ಹೇಳಿ ನಿವೃತ್ತರಾದರೂ ಆ ಒಂದು ಪಾಠ ಅವರು ಕಲಿಯಲೇ ಇಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗವಿಲ್ಲ ಅಂತಾರಲ್ಲ, ಹಾಗಾಯಿತು ಅವರ ಕಥೆ.

ನಿವೃತ್ತಿಯಾದ ಮೇಲೆ ಟೀಚರು ಅಂತರ್ಜಾಲದ ವಿಶ್ವಕೋಶವೊಂದಕ್ಕೆ ಬರೆಯತೊಡಗಿದರು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಬರೆದದ್ದಕ್ಕೆ ಆಧಾರ ಕೊಡಬೇಕು. ಟೀಚರು ಮೊದಲು ಬರೆದದ್ದು ತಮ್ಮೂರಿನ ನಾಟಿ ವೈದ್ಯ ಮರುಳಪ್ಪ ಪಂಡಿತರ ಜೀವನವನ್ನು. ಪಂಡಿತರು ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಸುತ್ತಲಿನ ನಲವತ್ತು ಹಳ್ಳಿಯವರ ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟಿ ಕೂಡಿಸಿದ ಕೈ ಅದು. ಟೀಚರ ಬಲಗೈ ಮಣಿಕಟ್ಟನ್ನು ಕೂಡಿಸಿದವರೂ ಅವರೇ. ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಮೂಳೆಯನ್ನು ಸವರುತ್ತ, ‘ಏಕ್, ದೋ, ತೀನ್’ ಎಂದು ಮೆಲ್ಲಗೆ ಎಣಿಸುತ್ತಿದ್ದರು. ತೀನ್ ಎಂದ ಕೂಡಲೇ ಒತ್ತುತ್ತಿದ್ದರು. ಉರ್ದುವಿನಲ್ಲಿ ಅವರಿಗೆ ಬರುತ್ತಿದ್ದುದು ಆ ಮೂರೇ ಮಾತು.

ಆ ವಿದ್ಯೆ ತಮಗೆಲ್ಲಿಂದ ಬಂತೆಂದು ಪಂಡಿತರೇ ಒಮ್ಮೆ ವಾರಪತ್ರಿಕೆಗೆ ಹೇಳಿದ್ದರು. ಆ ಮಾತನ್ನು ಆಧಾರವಾಗಿಟ್ಟುಕೊಂಡು ಟೀಚರು ಒಂದು ಸಾಲು ಬರೆದರು: ‘ಇವರಿಗೆ ಈ ವಿದ್ಯೆ ಕಲಿಸಿದವರು ಎತ್ತುಗಳಿಗೆ ಲಾಳ ಕಟ್ಟುವ ಮನೆಯ, ಎತ್ತಿನ ಮುರಿದ ಕಾಲು ಕೂಡಿಸುತ್ತಿದ್ದ ಖಾಸೀಂಬಿ.’

ಖಾಸೀಂಬಿ ಸತ್ತು ಎಷ್ಟೋ ಕಾಲವಾಗಿತ್ತು. ಉಳಿದಿದ್ದವಳು ಮಗಳು ಮೀರಾಂಬಿ, ಕೌದಿ ಹೊಲಿದು ಬದುಕುವ ಮುದುಕಿ. ಅವಳಿಗೆ ಓದು ಬಾರದು. ತಾಯಿಯದೊಂದು ಫೋಟೋ ಕೂಡ ಅವಳ ಬಳಿ ಇರಲಿಲ್ಲ. ಪ್ರತಿ ಶುಕ್ರವಾರ ಟೀಚರ ಮನೆಗೆ ಬಂದು ಆ ಸಾಲನ್ನು ಓದಿಸಿಕೊಳ್ಳುತ್ತಿದ್ದಳು. ಆಮೇಲೆ ಮೊಬೈಲಿನ ಗಾಜಿನ ಮೇಲೆ, ಆ ಹೆಸರಿನ ಮೇಲೆ, ಒಂದು ಬೆರಳಿಟ್ಟು, “ಅಮ್ಮೀದು ಇದೊಂದೇ ಟೀಚರಮ್ಮ, ಉಳಿದಿರೋದು” ಎನ್ನುತ್ತಿದ್ದಳು.

ಪುಟ ಊರವರ ಮೊಬೈಲಿನಲ್ಲೆಲ್ಲ ಓಡಾಡಿತು. ಪಂಡಿತರ ಮನೆಯವರ ತಕರಾರು ಶುರುವಾಯಿತು.

ಮೊದಲು ಬಂದವಳು ಮಗಳು ಸರ್ವಮಂಗಳ. “ಅಪ್ಪ ಹುಟ್ಟಿದ ವರ್ಷ ತಪ್ಪಾಗಿದೆ ಟೀಚರ್” ಎಂದು ಶಾಲೆಯ ಹಳೇ ಸರ್ಟಿಫಿಕೇಟು ಮುಂದಿಟ್ಟಳು. ಟೀಚರು ತಿದ್ದಿದರು. ಅವಳು ಏಳಲಿಲ್ಲ. ಸೆರಗಿನ ತುದಿ ಸುತ್ತುತ್ತ, “ನಾನು ಗಂಡನ್ನ ಬಿಟ್ಟು ಬಂದಿದ್ದನ್ನೂ ಯಾರೋ ಅದರಲ್ಲಿ ಸೇರಿಸಿದಾರೆ. ಅದು ಅಪ್ಪನ ಕಥೆ ಅಲ್ಲವಲ್ಲ ಟೀಚರ್?” ಎಂದಳು. ನಿಜವೇ. ಟೀಚರು ಆ ಸಾಲನ್ನೂ ತೆಗೆದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು.

ಸೋಮವಾರ ಮಗ ರುದ್ರಮುನಿ ಬಂದ. ತಂದೆಯ ಕೆಲಸವನ್ನು ಈಗ ಅವನೇ ಮಾಡುತ್ತಿದ್ದ. ಕೈಯಲ್ಲಿ ಬಾಳೆಗೊನೆ, ಚೀಲದಲ್ಲಿ ತೆಂಗಿನಕಾಯಿ.

“ಟೀಚರ್, ಆ ಖಾಸೀಂಬಿ ಸಾಲು ತೆಗೆದುಬಿಡಿ.”

“ಯಾಕಪ್ಪ, ಸುಳ್ಳಾ ಅದು?”

“ಸುಳ್ಳೋ ನಿಜವೋ ಈಗ ಯಾರಿಗೆ ಬೇಕು? ನಾಲ್ಕು ತಲೆಮಾರಿನ ವೈದ್ಯರ ಮನೆ ಅಂತ ಬೋರ್ಡು ಬರೆಸಿದೀನಿ. ಎತ್ತಿನ ಕಾಲು ನೋಡೋರ ಹತ್ರ, ಅದೂ ಆ ಮನೇಲಿ ಕಲಿತರು ಅಂದ್ರೆ ನಮ್ಮ ಮರ್ಯಾದೆ ಏನಾಗಬೇಕು?”

ಅ, ಆ, ಇ, ಈ ತಿದ್ದಿಸಿದ ಹುಡುಗ. ಗದರಿಸಿ ಕಳಿಸಬಹುದಿತ್ತು. ಆದರೆ ಬಾಳೆಗೊನೆ ಆಗಲೇ ಮೇಜಿನ ಮೇಲೆ ಕೂತಿತ್ತು. ಟೀಚರು ಬಲಗೈ ಚಾಚಿ ಸಾಲನ್ನು ಅಳಿಸಿದರು. ಆ ವಿಶ್ವಕೋಶದಲ್ಲಿ ಅಳಿಸಿದ್ದು ಕೂಡ ಒಳಗೆಲ್ಲೋ ಉಳಿದಿರುತ್ತದೆ, ಅಳಿಸಿದವರ ಹೆಸರಿನ ಸಮೇತ. ಅದು ನೆನಪಾಗಿ ಅವರಿಗೆ ನಾಚಿಕೆಯಾಯಿತು.

ಶುಕ್ರವಾರ ಮೀರಾಂಬಿ ಬಂದಳು. “ಓದಿ ಟೀಚರಮ್ಮ.”

ಟೀಚರು ಇಲ್ಲದ ಸಾಲನ್ನು ಬಾಯಿಪಾಠದಿಂದ ಓದಿದರು. ಒಂದಕ್ಷರವೂ ತಪ್ಪಲಿಲ್ಲ. ಮೀರಾಂಬಿ ಗಾಜಿನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

“ಪ್ರತಿ ಸಲ ಇಲ್ಲಿ ಬೆಚ್ಚಗಿರ್ತಿತ್ತು. ಇವತ್ತು ತಣ್ಣಗಿದೆ” ಎಂದಳು. ಟೀಚರ ಮುಖ ನೋಡಲಿಲ್ಲ, ಬಲಗೈ ನೋಡಿದಳು. “ನಿಮ್ಮ ಕೈಗೇನಾದ್ರೂ ಆಯ್ತಾ?”

“ಏನೂ ಆಗಿಲ್ಲ” ಎಂದರು ಟೀಚರು. ಅವಳು ಹೋದ ಮೇಲೆ ಅವರಿಗೆ ಅನ್ನ ಸೇರಲಿಲ್ಲ.

ಮುಂದಿನ ಸೋಮವಾರ ಪಂಡಿತರ ಎರಡನೇ ವರ್ಷದ ಪೂಜೆ. ರುದ್ರಮುನಿ ಟೀಚರನ್ನು ಬಲವಂತ ಮಾಡಿ ಊಟಕ್ಕೆ ಕರೆದ. ಅದಕ್ಕೂ ‘ಇಲ್ಲ’ ಎನ್ನಲಾಗಲಿಲ್ಲ. ನಡುಮಧ್ಯಾಹ್ನ, ಮನೆಯ ತೊಟ್ಟಿಯಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಮೊದಲ ಪಂಕ್ತಿಗೆ ಒಂಬತ್ತು ಜನ. ಸರ್ವಮಂಗಳ ಎಣಿಸಿ ಎಣಿಸಿ ಎಲೆ ಹಾಕಿದಳು. ನೋಡಿದರೆ ಹತ್ತಿದ್ದವು.

ಅವಳು ಒಂದನ್ನು ಎತ್ತಿ ಒಳಗಿಟ್ಟು ಬಂದಳು. ಹತ್ತೇ ಇದ್ದವು.

“ಒಂದು ವಾರದಿಂದ ಹೀಗೇ ಟೀಚರ್” ಎಂದು ನಗಲು ನೋಡಿದಳು. ನಗು ಬರಲಿಲ್ಲ. “ಎಷ್ಟು ಜನ ಕೂತರೂ ಒಂದೆಲೆ ಹೆಚ್ಚಿಗೆ.”

“ಯಾವತ್ತಿಂದ?”

“ಹೋದ ಸೋಮವಾರದಿಂದ.”

ಟೀಚರು ಆ ಸಾಲು ಅಳಿಸಿದ ದಿನ ಅದು. ಖಾಲಿ ಎಲೆ ಅವರ ಬಲಕ್ಕೇ ಇತ್ತು. ಬಡಿಸುತ್ತ ಬಂದ ಸರ್ವಮಂಗಳ ಆ ಎಲೆಯ ತುದಿಗೂ ಉಪ್ಪು ಹಾಕಿದಳು, ಹಾಕಿದ ಮೇಲೆ ತನ್ನ ಕೈಯನ್ನೇ ನೋಡಿಕೊಂಡಳು. “ಸುಮ್ನೆ ಬಡಿಸಕ್ಕ” ಎಂದು ರುದ್ರಮುನಿ ಗದರಿದ.

ಟೀಚರು ಅನ್ನಕ್ಕೆ ಕೈಯಿಟ್ಟರು. ಆಗ ಯಾರೋ ಅವರ ಮಣಿಕಟ್ಟು ಹಿಡಿದರು.

ಕಣ್ಣಿಗೆ ಯಾರೂ ಕಾಣಲಿಲ್ಲ. ಕಾದ ಕಬ್ಬಿಣ ಮತ್ತು ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಎರಡು ಬೆರಳು ಹಳೆಯ ಮುರಿತದ ಜಾಗವನ್ನು ಹುಡುಕಿಕೊಂಡು ಬಂದು ಅಲ್ಲಿಯೇ ನಿಂತವು. ಕಿವಿಯ ಬಳಿ ಹೆಂಗಸಿನ ದನಿ, ಮೆಲ್ಲಗೆ: “ಏಕ್.”

ಟೀಚರಿಗೆ ಕೈ ಎಳೆದುಕೊಳ್ಳಲಾಗಲಿಲ್ಲ.

“ದೋ.”

ತೀನ್ ಎಂದರೆ ಒತ್ತುವುದು. ಕೂಡಿಸಲು ಬಲ್ಲ ಕೈ ಬಿಡಿಸಲೂ ಬಲ್ಲದು.

“ಇಲ್ಲ!” ಎಂದು ಕೂಗಿಬಿಟ್ಟರು ಟೀಚರು. ಹುಟ್ಟಿದಾಗಿನಿಂದ ಇದೇ ಮೊದಲ ಸಲ. “ಇಲ್ಲ ರುದ್ರಮುನಿ, ಆ ಸಾಲು ನಾನು ಮತ್ತೆ ಹಾಕ್ತೀನಿ!”

ಬೆರಳುಗಳು ಬಿಡಲಿಲ್ಲ, ಒತ್ತಲೂ ಇಲ್ಲ. ಕಾಯುತ್ತಿದ್ದವು.

“ಊಟದ ಮುಂದೆ ಕೂತು ಇದೇನು ಮಾತು ಟೀಚರ್? ಅಕ್ಕ ಹೇಳಿದ್ದನ್ನ ತೆಗೆದ್ರಿ. ನಾನು ಹೇಳಿದ್ರೆ ಆಗಲ್ವಾ?” ಎಂದು ರುದ್ರಮುನಿ ಕೆಂಡವಾದ.

“ಅವಳು ಬದುಕಿದ್ದಾಳೆ ಕಣೋ, ಅದು ಅವಳ ನೋವು. ವರ್ಷ ತಪ್ಪಿತ್ತು, ತಿದ್ದಿದೆ. ಇದು ತಪ್ಪೂ ಅಲ್ಲ, ಗುಟ್ಟೂ ಅಲ್ಲ, ನಿಮ್ಮಪ್ಪ ಬಾಯ್ತುಂಬ ಹೇಳಿದ ಮಾತು. ಸುಳ್ಳು ಅನ್ನೋಕೆ ಆಧಾರ ಇದ್ದರೆ ತಗೊಂಡು ಬಾ, ಅದನ್ನೂ ಬರೀತೀನಿ. ಬಾಳೆಗೊನೆ ತರಬೇಡ.”

ರುದ್ರಮುನಿ ಬಾಯಿ ತೆರೆದ. ಅಷ್ಟರಲ್ಲಿ ಸರ್ವಮಂಗಳ ಸೌಟು ಕೆಳಗಿಟ್ಟಳು. “ನೀನೂ ಮೂಳೆ ಕೂಡಿಸುವಾಗ ಏಕ್, ದೋ, ತೀನ್ ಅಂತೀಯಲ್ಲೋ. ನಾಲ್ಕು ತಲೆಮಾರಿನಲ್ಲಿ ಯಾವ ತಾತ ಹೇಳಿಕೊಟ್ಟ ಅದನ್ನ?”

ಅವನು ಗೋಡೆಯ ಮೇಲಿದ್ದ ತಂದೆಯ ಫೋಟೋ ನೋಡಿದ, ತನ್ನ ಅಂಗೈ ನೋಡಿಕೊಂಡ. ಆಮೇಲೆ “ಹಾಕಿ ಟೀಚರ್” ಎಂದ.

ಟೀಚರು ಎಡಗೈಯಿಂದಲೇ ಮೊಬೈಲು ತೆಗೆದು ಅಳಿಸಿದ್ದ ಸಾಲನ್ನು ಮತ್ತೆ ಕೂರಿಸಿದರು. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ, ಯಾರೂ ಮುಟ್ಟದ ಆ ಹತ್ತನೆಯ ಎಲೆ ಉಂಡೆದ್ದವರು ಮಡಿಸುವ ಹಾಗೆ ಅಚ್ಚುಕಟ್ಟಾಗಿ ಮಡಿಚಿಕೊಂಡಿತ್ತು. ಎರಡನೇ ಪಂಕ್ತಿಗೆ ಸರ್ವಮಂಗಳ ಆರು ಎಲೆ ಹಾಕಿದಳು. ಆರೇ ಇದ್ದವು.

ಶುಕ್ರವಾರ ಮೀರಾಂಬಿ ಬಂದಳು. ಟೀಚರು ಸಾಲನ್ನು ಓದಿದರು, ಈ ಸಲ ನೋಡಿಕೊಂಡು. ಮುದುಕಿ ಬೆರಳಿಟ್ಟು, “ಬೆಚ್ಚಗಿದೆ” ಎಂದಳು.

ಟೀಚರಿಗೆ ಅಳು ಬಂತು. “ಹೋದ ವಾರ ಆ ಸಾಲು ಇರಲಿಲ್ಲ ಮೀರಾಂಬಿ. ನಾನೇ ಅಳಿಸಿದ್ದೆ. ನಿಮಗೆ ಸುಳ್ಳು ಓದಿದೆ.”

“ಗೊತ್ತಿತ್ತು ಟೀಚರಮ್ಮ” ಎಂದಳು ಮೀರಾಂಬಿ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಅದಕ್ಕೇ ಅಮ್ಮೀಗೆ ಹೇಳಿದ್ದೆ, ಟೀಚರಮ್ಮನ ಕೈ ಒಂದ್ಸಲ ನೋಡ್ಕೊಂಡು ಬಾ ಅಂತ.”

ನೀತಿ: ಸತ್ತವರ ಬಗ್ಗೆ ಬರೆದಾಗ ಅವರ ಮನೆಯವರು ಆಡುವ ಮಾತನ್ನು ತಾಳ್ಮೆಯಿಂದ ಕೇಳಬೇಕು. ತಪ್ಪಿದ್ದರೆ ತಿದ್ದಬೇಕು, ಬದುಕಿರುವವರ ಗಾಯವಾದರೆ ಮುಚ್ಚಬೇಕು. ಆದರೆ ಮರ್ಯಾದೆಯ ಹೆಸರಿನಲ್ಲಿ ನಿಜವನ್ನು ಅಳಿಸು ಎಂದರೆ ‘ಇಲ್ಲ’ ಎನ್ನಲು ಕಲಿಯಬೇಕು. ಕಲಿಸಿದವರ ಹೆಸರನ್ನು ಪುಟದಿಂದ ತೆಗೆಯಬಹುದು, ಕಲಿತ ಕೈಯಿಂದ ತೆಗೆಯಲಾಗದು.